ತಾಮ್ರದಿಂದ ಹುಟ್ಟಿದ ಊರು ಬಿಸ್ಬಿ

ಹುಣಸೆಹಣ್ಣಿನಿಂದ ತಿಕ್ಕದೆ ಬಿಟ್ಟ ತಾಮ್ರದ ತಂಬಿಗೆಯ ಮೇಲೆ ಹಸಿರು ಕಿಲುಬು ಕಟ್ಟುವುದನ್ನು ಯಾರು ನೋಡಿಲ್ಲ? ಬೆಟ್ಟದ ಬಂಡೆಯ ಮೇಲೆ ಅಂಥದೇ ಹಸಿರು ಕಂಡರೆ ಅಲ್ಲಿ ತಾಮ್ರದ ಅದಿರು ಇರುವ ಸಾಧ್ಯತೆ ಉಂಟು. ಅಮೆರಿಕದ ಅರಿಜೋನ ರಾಜ್ಯದ ಮರುಭೂಮಿ ಸೀಮೆಯಲ್ಲಿ, ಮೆಕ್ಸಿಕೊ ಗಡಿಯ ಸಮೀಪ, ಮ್ಯೂಲ್ ಬೆಟ್ಟಗಳ ಕಮರಿಯೊಂದರಲ್ಲಿ ಬಿಸ್ಬಿ ಎಂಬ ಪುಟ್ಟ ಊರು ಹುಟ್ಟಿದ್ದು ಇಂಥ ಕಲ್ಲುಗಳಿಂದಲೇ.

ನೀರು ಹುಡುಕಿದಾಗ ಸಿಕ್ಕಿದ್ದು

ಇದು ಅಪಾಚೆ ಜನರ ನೆಲ. 1877ರಲ್ಲಿ ಅವರನ್ನು ಬೆನ್ನಟ್ಟಿ ಬಂದ ಸೇನಾ ತುಕಡಿಯೊಂದು ಇಲ್ಲಿ ಬಿಡಾರ ಹೂಡಿತು. ಒಳ್ಳೆಯ ನೀರು ಹುಡುಕುತ್ತ ಹೋದ ಜ್ಯಾಕ್ ಡನ್ ಎಂಬ ಬೇಹುಗಾರನ ಕಣ್ಣಿಗೆ ಅದಿರಿನ ಕುರುಹು ಬಿತ್ತು. ಇನ್ನಷ್ಟು ಅದಿರು ಹುಡುಕಲು ಜಾರ್ಜ್ ವಾರೆನ್ ಎಂಬಾತನಿಗೆ ಸಾಮಗ್ರಿ ಕೊಟ್ಟು ಕಳುಹಿಸಲಾಯಿತು. ಈ ವಾರೆನ್ ಮುಂದೆ ಕುಡಿತದ ಅಮಲಿನಲ್ಲಿ, ಕುದುರೆಗಿಂತ ಬೇಗ ಓಡಬಲ್ಲೆನೆಂದು ಪಂಥ ಕಟ್ಟಿ ಸೋತು, ಕಾಪರ್ ಕ್ವೀನ್ ಗಣಿಯಲ್ಲಿದ್ದ ತನ್ನ ಪಾಲನ್ನೇ ಕಳೆದುಕೊಂಡ! 1880ರಲ್ಲಿ ಊರು ಸ್ಥಾಪನೆಯಾಯಿತು. ಗಣಿಗೆ ಹಣ ಹೂಡಿದ ಡಿವಿಟ್ ಬಿಸ್ಬಿ ಎಂಬ ನ್ಯಾಯಾಧೀಶರ ಹೆಸರೇ ಊರಿಗೂ ಬಂತು.

ಇಷ್ಟು ತಾಮ್ರ ಇಲ್ಲಿಗೆ ಬಂದದ್ದು ಹೇಗೆ? ಸುಮಾರು 20 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲಾರಸ ಇಲ್ಲಿನ ಸುಣ್ಣಕಲ್ಲಿನ ಪದರಗಳೊಳಗೆ ನುಗ್ಗಿತು. ಅದರೊಂದಿಗೆ ಬಂದ ಬಿಸಿ ದ್ರಾವಣಗಳು ತಾಮ್ರದ ಸಲ್ಫೈಡುಗಳನ್ನು ಬಿಟ್ಟುಹೋದವು. ಗಾಳಿ, ನೀರು ತಗುಲಿ ಇವು ಸುಣ್ಣಕಲ್ಲಿನ ಕಾರ್ಬೊನೇಟಿನೊಡನೆ ವರ್ತಿಸಿ, ಹಸಿರು ಮ್ಯಾಲಕೈಟ್ ಮತ್ತು ನೀಲಿ ಅಜುರೈಟ್ ಆದವು.

ಕಮರಿಯಲ್ಲಿ ಸಮತಟ್ಟು ಜಾಗವಿಲ್ಲ. ಆದ್ದರಿಂದ ಮನೆಗಳು ಇಳಿಜಾರಿನಲ್ಲಿ ಒಂದರ ಮೇಲೊಂದು ಎದ್ದವು. ಓಣಿಗಳ ಬದಲು ಮೆಟ್ಟಿಲುಗಳು ಬಂದವು. ಸೌದೆಗಾಗಿ ಬೆಟ್ಟದ ಮರ ಕಡಿದದ್ದರಿಂದ ಬೇಸಿಗೆಯ ಮಳೆಗೆ ಪ್ರವಾಹ ಬೀದಿಗೇ ನುಗ್ಗತೊಡಗಿತು. 1908ರ ಬೆಂಕಿ ಪೇಟೆಯ ಬಹುಭಾಗವನ್ನು ನುಂಗಿತು.

ಜಾನುವಾರು ಡಬ್ಬಿಗಳಲ್ಲಿ ಗಡೀಪಾರು

ಊರು ಇಂದಿಗೂ ಮರೆಯದಿರುವುದು 1917ನ್ನು. ಮೊದಲನೆಯ ಮಹಾಯುದ್ಧದಿಂದ ತಾಮ್ರಕ್ಕೆ ಭಾರಿ ಬೇಡಿಕೆ. ಗಣಿಯೊಳಗೆ ಜನರಿರುವಾಗ ಸಿಡಿಮದ್ದು ಸಿಡಿಸಬಾರದು, ಕೊರೆಯುವ ಯಂತ್ರಕ್ಕೆ ಇಬ್ಬರಿರಬೇಕು, ಕೂಲಿ ನಿಗದಿಯಾಗಬೇಕು ಎಂದು ಕೇಳಿ ಜೂನ್ ಕೊನೆಯಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಜುಲೈ 12ರ ಬೆಳಗಿನ ಜಾವ ಶೆರೀಫ್ ಹ್ಯಾರಿ ವ್ಹೀಲರ್ ನೇತೃತ್ವದಲ್ಲಿ ಸುಮಾರು 2,000 ಶಸ್ತ್ರಧಾರಿಗಳು ಮನೆಮನೆಗೆ ನುಗ್ಗಿದರು. ಸುಮಾರು 1,200 ಮಂದಿಯನ್ನು ಜಾನುವಾರು ಸಾಗಿಸುವ ರೈಲು ಡಬ್ಬಿಗಳಿಗೆ ತುಂಬಿ ಪಕ್ಕದ ನ್ಯೂ ಮೆಕ್ಸಿಕೊ ರಾಜ್ಯದ ಮರುಭೂಮಿಯಲ್ಲಿ ಬಿಟ್ಟುಬಂದರು. ಅಧ್ಯಕ್ಷ ವಿಲ್ಸನ್ ನೇಮಿಸಿದ ಆಯೋಗ ಇದು ಕಾನೂನುಬಾಹಿರ ಎಂದಿತು. ಆದರೆ ಶಿಕ್ಷೆ ಒಬ್ಬರಿಗೂ ಆಗಲಿಲ್ಲ.

ಗಣಿ ಮುಚ್ಚಿದ ಮೇಲೆ

ಬೃಹತ್ ತೆರೆದ ಗಣಿ 'ಲ್ಯಾವೆಂಡರ್ ಪಿಟ್' 1974ರಲ್ಲಿ, ನೆಲದಡಿಯ ಗಣಿಗಳು 1975ರಲ್ಲಿ ನಿಂತವು. ಅಷ್ಟರಲ್ಲಿ ಸುಮಾರು 36 ಲಕ್ಷ ಟನ್ ತಾಮ್ರ ಹೊರಬಂದಿತ್ತು. ಆದರೂ ಊರು ಪಾಳುಬೀಳಲಿಲ್ಲ. 1976ರಿಂದ ಕಾಪರ್ ಕ್ವೀನ್ ಗಣಿಯನ್ನು ಪ್ರವಾಸಿಗರಿಗೆ ತೆರೆಯಲಾಯಿತು. ಅಲ್ಲಿ ದುಡಿದವರೇ ಮಾರ್ಗದರ್ಶಿಗಳಾದರು. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 4,923.

ಮನೆಯ ದೀಪ ಉರಿಸುವ ತಂತಿಯೂ ತಾಮ್ರವೇ. ಅದನ್ನು ನೆಲದಾಳದಿಂದ ತೆಗೆದವರು ಕೇಳಿದ್ದು ತಮ್ಮ ಜೀವಕ್ಕೆ ತುಸು ರಕ್ಷಣೆಯನ್ನು. ವಿದ್ಯಾರ್ಥಿಗಳು ಲೋಹದ ಗುಣಗಳ ಜೊತೆಗೆ ಇದನ್ನೂ ತಿಳಿದಿರಬೇಕು.