ಜೂಜಿನ ನಗರ, ಕೆಂಬಂಡೆಯ ಕಣಿವೆ

ಸುತ್ತಲೂ ಬರಡು ಮರಳುಗಾಡು. ನಡುವೆ ಇರುಳನ್ನು ಹಗಲಾಗಿಸುವ ದೀಪಗಳ ಜಾತ್ರೆ. ಅಮೆರಿಕೆಯ ನೆವಾಡಾ ರಾಜ್ಯದ ಲಾಸ್ ವೇಗಾಸ್ ನಗರದ ಬಗೆಯೇ ಹಾಗೆ. ೧೯೦೫ರಲ್ಲಿ ರೈಲ್ವೆಯವರು ನಿವೇಶನಗಳನ್ನು ಹರಾಜು ಹಾಕಿದಾಗ ಹುಟ್ಟಿದ ಊರಿದು. ೧೯೩೧ರಲ್ಲಿ ನೆವಾಡಾ ಜೂಜಿಗೆ ಕಾನೂನಿನ ಒಪ್ಪಿಗೆಯಿತ್ತಿತು. ಊರಿನ ಹಣೆಬರಹವೇ ಬದಲಾಯಿತು.

ಇಲ್ಲಿಯ ವಾಡಿಕೆಯ ರೂಲೆಟ್ ಚಕ್ರದಲ್ಲಿ ೩೮ ಮನೆಗಳಿವೆ. ಒಂದು ಸಂಖ್ಯೆಯ ಮೇಲೆ ಪಣವಿಟ್ಟು ಗೆದ್ದವನಿಗೆ ಅದರ ೩೫ ಪಟ್ಟು ಹಣ ದೊರೆಯುವುದಲ್ಲದೆ ಇಟ್ಟ ಪಣವೂ ಮರಳುತ್ತದೆ. ಆದರೆ ಒಂದೊಂದು ಡಾಲರಿನಂತೆ ೩೮ ಸಲ ಆಡಿದವನಿಗೆ ಸರಾಸರಿ ಹಿಂದಿರುಗುವುದು ೩೬ ಡಾಲರು ಮಾತ್ರ. ಧರ್ಮರಾಯನನ್ನು ಸೋಲಿಸಲು ಶಕುನಿಯ ಕಪಟ ಬೇಕಾಯಿತು. ಇಲ್ಲಿ ಲೆಕ್ಕವೊಂದೇ ಸಾಕು. ಸಂಸಾರವಂದಿಗರು ನೋಡಿ ನಲಿಯಬಹುದು, ಆಡದಿರುವುದೇ ಲೇಸು.

ನಗರದ ಪಶ್ಚಿಮಕ್ಕೆ ಮೋಟಾರಿನಲ್ಲಿ ಸುಮಾರು ಅರ್ಧ ಗಂಟೆ ಸಾಗಿದರೆ ರೆಡ್ ರಾಕ್ ಕಣಿವೆ. ಬೇವೂರಿನ ಯಾತ್ರಿಕನಿಗೆ ಅಲ್ಲಿ ಬಾದಾಮಿಯ ನೆನಪು ಬಾರದಿರದು. ಎರಡೆಡೆಯೂ ಮರಳುಗಲ್ಲೇ, ಎರಡಕ್ಕೂ ಕೆಂಪು ಬಂದುದು ಕಬ್ಬಿಣದ ಅಂಶದಿಂದ. ಕಣಿವೆಯ ಕೆಂಬಂಡೆ ಸುಮಾರು ೧೮ ಕೋಟಿ ವರ್ಷಗಳ ಹಿಂದೆ ಗಾಳಿ ಒಟ್ಟಿದ ಮರಳುದಿಣ್ಣೆಯಾಗಿತ್ತು. ಬಾದಾಮಿಯ ಬಂಡೆ ಅದಕ್ಕಿಂತಲೂ ಬಹು ಪ್ರಾಚೀನ.

ನಗರದ ಇನ್ನೊಂದು ದಿಕ್ಕಿನಲ್ಲಿ, ಕೊಲರಾಡೋ ನದಿಗೆ ಅಡ್ಡವಾಗಿ, ೧೯೩೬ರಲ್ಲಿ ಪೂರ್ಣಗೊಂಡ ಹೂವರ್ ಅಣೆಕಟ್ಟು ನಿಂತಿದೆ. ನಗರಕ್ಕೆ ಬೇಕಾದ ನೀರಿನ ಬಹುಪಾಲು ಅದರ ಹಿಂದಣ ಮೀಡ್ ಸರೋವರದ್ದು. ಸರೋವರ ತುಂಬಿದ ಮೇಲೆ ಎಂದೂ ಕಾಣದಷ್ಟು ನೀರು ೨೦೨೨ರಲ್ಲಿ ಇಳಿಯಿತು. ಹಳೆಯ ಮಟ್ಟದ ಗುರುತಾಗಿ ದಡದ ಬಂಡೆಗಳ ಮೇಲೆ ಬಿಳಿಯ ಪಟ್ಟಿ ಉಳಿದಿದೆ. ಮರಳುಗಾಡಿನ ಈ ನಗರ ಒಡ್ಡಿರುವ ಎಲ್ಲಕ್ಕಿಂತ ದೊಡ್ಡ ಪಣವೆಂದರೆ ಆ ನೀರೇ.