ಗ್ರಾಮ ಪಂಚಾಯಿತಿ ಜಾಲಪುಟಗಳು ಮೊಬೈಲಿನಲ್ಲಿ ಶೀಘ್ರವಾಗಿ ತೆರೆಯಲು ಕೈಗೊಳ್ಳಬಹುದಾದ ಕ್ರಮಗಳು

ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರೇ,

ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣದಂತೆ ಸಾರ್ವಜನಿಕ ಪ್ರಾಧಿಕಾರವು ತನ್ನ ಮಾಹಿತಿಯನ್ನು, ಅರ್ಜಿ ಬರುವವರೆಗೆ ಕಾಯದೆ, ತಾನಾಗಿಯೇ ಪ್ರಕಟಿಸತಕ್ಕದ್ದು. ಆ ಮಾಹಿತಿ ಜನರಿಗೆ ಸುಲಭವಾಗಿ ದೊರೆಯಬೇಕು. ವೆಚ್ಚ, ಸ್ಥಳೀಯ ಭಾಷೆ ಹಾಗೂ ಆ ಪ್ರದೇಶಕ್ಕೆ ಪರಿಣಾಮಕಾರಿಯಾದ ಸಂವಹನ ವಿಧಾನವನ್ನು ಗಮನದಲ್ಲಿಡಬೇಕು ಎಂದೂ ಅದೇ ಪ್ರಕರಣ ಹೇಳುತ್ತದೆ. ನಮ್ಮ ಊರುಗಳಲ್ಲಿ ಜನರು ಜಾಲಪುಟವನ್ನು ನೋಡುವುದು ಹೆಚ್ಚಾಗಿ ಮೊಬೈಲಿನಲ್ಲಿ. ಅಲ್ಲಿ ಪುಟ ತೆರೆಯದಿದ್ದರೆ ಪ್ರಕಟಣೆಯ ಉದ್ದೇಶವೇ ಈಡೇರುವುದಿಲ್ಲ.

ನಾನು ಕಾರ್ಯನಿರ್ವಹಿಸುವ ಪಂಚಾಯಿತಿಯಲ್ಲಿಯೇ ನಡೆದ ಸಂಗತಿಯನ್ನು ಇಲ್ಲಿ ನಿವೇದಿಸುತ್ತೇನೆ. ವಸತಿ ಫಲಾನುಭವಿಗಳ ಕರಡು ಪಟ್ಟಿಯನ್ನು ಮುದ್ರಿಸಿ, ಸಹಿ ಮೊಹರು ಹಾಕಿ, ಸ್ಕ್ಯಾನ್ ಮಾಡಿ ಜಾಲಪುಟಕ್ಕೆ ಏರಿಸಿದೆವು. 14 ಹಾಳೆಗಳ ಆ ಕಡತದ ಗಾತ್ರ 22 ಎಂಬಿ. ತೋಟದ ಮನೆಯಲ್ಲಿ ವಾಸಿಸುವ ಮಹಿಳೆಯೊಬ್ಬರು ಮಗನ ಮೊಬೈಲಿನಲ್ಲಿ ಎರಡು ದಿನ ಪ್ರಯತ್ನಿಸಿದರು. ಸಿಗ್ನಲ್ ದುರ್ಬಲವಾಗಿದ್ದ ಕಾರಣ ಕಡತ ಪ್ರತಿಬಾರಿಯೂ ಅರ್ಧಕ್ಕೇ ನಿಂತಿತು. ತಮ್ಮ ಹೆಸರು ಬಿಟ್ಟುಹೋಗಿದೆಯೆಂದು ಅವರಿಗೆ ತಿಳಿದದ್ದು ಆಕ್ಷೇಪಣೆಯ ಅವಧಿ ಮುಗಿದ ಮರುದಿನ, ಕಚೇರಿಗೆ ಬಂದಾಗ. "ಜಾಲಪುಟದಲ್ಲಿ ಹಾಕಿದ್ದೆವಲ್ಲಮ್ಮ" ಎಂದು ನಾನು ಉತ್ತರಿಸಿದೆ. ಕಡತದ ಮಟ್ಟಿಗೆ ಆ ಉತ್ತರ ಸರಿಯಾಗಿತ್ತು. ಆ ತಾಯಿಯ ಮಟ್ಟಿಗೆ ಪಟ್ಟಿ ಪ್ರಕಟವಾಗಿರಲೇ ಇಲ್ಲ.

ಪುಟವು ಏಕೆ ನಿಧಾನವಾಗುತ್ತದೆ

ದುರ್ಬಲ ಸಿಗ್ನಲ್‌ನಲ್ಲಿ ಸೆಕೆಂಡಿಗೆ 200 ಕಿಲೋಬಿಟ್, ಅಂದರೆ 25 ಕೆಬಿ ಮಾಹಿತಿ ಬರುತ್ತದೆ ಎಂದಿಟ್ಟುಕೊಳ್ಳೋಣ. 22 ಎಂಬಿ ಕಡತ ಇಳಿಯಲು ಸುಮಾರು 15 ನಿಮಿಷ ಬೇಕು. ನಡುವೆ ಸಂಪರ್ಕ ಕಡಿದರೆ ಅನೇಕ ವೇಳೆ ಮೊದಲಿನಿಂದ ಆರಂಭಿಸಬೇಕು. ಅದೇ ಪಟ್ಟಿಯನ್ನು ಅಕ್ಷರ ರೂಪದಲ್ಲಿ ಹಾಕಿದರೆ? ಯೂನಿಕೋಡ್‌ನಲ್ಲಿ ಒಂದೊಂದು ಕನ್ನಡ ಅಕ್ಷರಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟ್ ಬೇಕು. ಹಾಳೆಗೆ 2,000 ಸಂಕೇತಗಳಂತೆ 14 ಹಾಳೆಗಳಿಗೆ ಸುಮಾರು 84 ಕೆಬಿ. ಇದು ಇಳಿಯಲು 4 ಸೆಕೆಂಡು ಸಾಕು.

ಈ ಅಂತರಕ್ಕೆ ಕಾರಣವಿಷ್ಟೇ: ಸ್ಕ್ಯಾನ್ ಮಾಡಿದ ಹಾಳೆಯು ಅಕ್ಷರವಲ್ಲ, ಚಿತ್ರ. ಎ-4 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕಿಗಳಾಗುತ್ತವೆ. ಖಾಲಿ ಜಾಗವೂ ಚುಕ್ಕಿಗಳಾಗಿಯೇ ಸಾಗುತ್ತದೆ.

ನಮ್ಮ ಕಚೇರಿಗಳಲ್ಲಿ ಸ್ಕ್ಯಾನ್ ರೂಢಿಯಾಗಲು ಒಂದು ಹಳೆಯ ಕಾರಣವಿದೆ. ನುಡಿ ತಂತ್ರಾಂಶದ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಆ ವಿನ್ಯಾಸವಿಲ್ಲದ ಸಾಧನದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತಿದ್ದವು. ಚಿತ್ರವಾಗಿ ಕಳುಹಿಸುವುದೇ ಆಗ ಸುರಕ್ಷಿತವಾಗಿತ್ತು. ಈಗ ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್ ಸೌಲಭ್ಯವಿದೆ. ಇಂದಿನ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಕನ್ನಡ ಅಕ್ಷರಗಳು ಮೊದಲೇ ಇರುತ್ತವೆ. ಕಾರಣ ಹೋಗಿದೆ, ರೂಢಿ ಉಳಿದಿದೆ.

ಎರಡನೆಯ ಭಾರ ಕಾರ್ಯಕ್ರಮಗಳ ಛಾಯಾಚಿತ್ರಗಳದು. 4,000 ಚುಕ್ಕಿ ಅಗಲ, 3,000 ಚುಕ್ಕಿ ಎತ್ತರದ ಚಿತ್ರವನ್ನು 1,000 ಚುಕ್ಕಿ ಅಗಲಕ್ಕೆ ಇಳಿಸಿದರೆ ಚುಕ್ಕಿಗಳು ಹದಿನಾರನೇ ಒಂದು ಭಾಗವಾಗುತ್ತವೆ. ಮೊಬೈಲಿನ ಪರದೆಯಲ್ಲಿ ವ್ಯತ್ಯಾಸ ಕಾಣುವುದು ವಿರಳ. ಮೂರನೆಯದು ಅಲಂಕಾರ: ಜಾರುವ ಚಿತ್ರಮಾಲೆ, ತಾನಾಗಿಯೇ ಓಡುವ ವಿಡಿಯೊ, ಹೊರಗಿನಿಂದ ತರಿಸುವ ಅಕ್ಷರ ವಿನ್ಯಾಸಗಳು. ಇವುಗಳನ್ನು ನಡೆಸುವ ಆಜ್ಞಾವಳಿಗಳನ್ನು ಇಳಿಸಿಕೊಂಡರಷ್ಟೇ ಸಾಲದು, ಮೊಬೈಲು ಅವನ್ನು ಓದಿ ಕಾರ್ಯಗತಗೊಳಿಸಬೇಕು. ಕಡಿಮೆ ಬೆಲೆಯ ಮೊಬೈಲಿಗೆ ಇದೇ ದೊಡ್ಡ ಹೊರೆ.

ದೂರು ಬಾರದಿರುವುದರ ಅರ್ಥ

"ಇದುವರೆಗೆ ಯಾರೂ ದೂರು ನೀಡಿಲ್ಲ" ಎಂಬ ಮಾತು ಸಭೆಗಳಲ್ಲಿ ಬರುತ್ತದೆ. ಯೂಟ್ಯೂಬ್‌ನಲ್ಲಿ ಎಂಜಿನಿಯರ್ ಆಗಿದ್ದ ಕ್ರಿಸ್ ಝಕರಿಯಾಸ್ ಅವರು 2012ರಲ್ಲಿ ಬರೆದ ಅನುಭವ ಇದಕ್ಕೆ ಉತ್ತರವಾಗಬಲ್ಲದು. ವಿಡಿಯೊ ನೋಡುವ ಪುಟದ ಗಾತ್ರವನ್ನು 1.2 ಎಂಬಿಯಿಂದ 98 ಕೆಬಿಗೆ ಅವರು ಇಳಿಸಿದರು. ಆಶ್ಚರ್ಯವೆಂದರೆ, ಪುಟ ತೆರೆಯುವ ಸರಾಸರಿ ಸಮಯ ಇಳಿಯುವ ಬದಲು ಏರಿತು. ಪರಿಶೀಲಿಸಿದಾಗ ಕಾರಣ ತಿಳಿಯಿತು. ಆಗ್ನೇಯ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ ಮೊದಲಾದೆಡೆ ಹಳೆಯ ಪುಟ ತೆರೆಯಲು 20 ನಿಮಿಷ ಹಿಡಿಯುತ್ತಿತ್ತು. ಅಲ್ಲಿನ ಜನರು ಪ್ರಯತ್ನವನ್ನೇ ಬಿಟ್ಟಿದ್ದರು. ಹಗುರವಾದ ಪುಟ ಎರಡು ನಿಮಿಷದಲ್ಲಿ ತೆರೆದಾಗ ಅವರು ಮೊದಲ ಬಾರಿಗೆ ಲೆಕ್ಕಕ್ಕೆ ಬಂದರು.

ಪುಟ ತೆರೆಯಲಾಗದವರು ದೂರು ನೀಡುವುದಿಲ್ಲ. ಸಂದರ್ಶಕರ ಸಂಖ್ಯೆಯಲ್ಲಿಯೂ ಅವರು ಸೇರುವುದಿಲ್ಲ.

ಸಭೆಯಲ್ಲಿ ನಿರ್ಣಯಿಸಬಹುದಾದ ಅಂಶಗಳು

1. ಪ್ರತಿ ಪ್ರಕಟಣೆಯ ಪೂರ್ಣ ಪಠ್ಯವನ್ನು ಯೂನಿಕೋಡ್ ಅಕ್ಷರಗಳಲ್ಲಿ ಪುಟದಲ್ಲಿಯೇ ಹಾಕುವುದು. ಸಹಿ ಮೊಹರಿನ ಪ್ರತಿ ಅಗತ್ಯವಿದ್ದರೆ ಅದರ ಕೊಂಡಿಯನ್ನು ಕೆಳಗೆ ನೀಡಿ, ಗಾತ್ರ ಎಷ್ಟು ಎಂಬಿ ಎಂದು ನಮೂದಿಸುವುದು. ಅಕ್ಷರ ರೂಪದ ಪಠ್ಯದಲ್ಲಿ ಹೆಸರನ್ನು ಹುಡುಕಬಹುದು. ದೃಷ್ಟಿದೋಷವುಳ್ಳವರಿಗೆ ಮೊಬೈಲು ಅದನ್ನು ಓದಿ ಹೇಳಬಲ್ಲದು.

2. ಸ್ಕ್ಯಾನ್ ಅನಿವಾರ್ಯವಾದರೆ 150 ಡಿಪಿಐನಲ್ಲಿ, ಬಣ್ಣರಹಿತವಾಗಿ ಮಾಡುವುದು. ಚುಕ್ಕಿಗಳು ಕಾಲು ಭಾಗಕ್ಕೆ, ಪ್ರತಿ ಚುಕ್ಕಿಯ ಮಾಹಿತಿ ಮೂರನೇ ಒಂದಕ್ಕೆ ಇಳಿಯುವುದರಿಂದ ಮೂಲ ಮಾಹಿತಿ ಹನ್ನೆರಡನೇ ಒಂದು ಭಾಗವಾಗುತ್ತದೆ.

3. ಮುಖಪುಟದ ಒಟ್ಟು ಗಾತ್ರಕ್ಕೆ 500 ಕೆಬಿ ಮಿತಿ ವಿಧಿಸುವುದು. ಜಾಲಪುಟ ರೂಪಿಸುವವರಿಗೆ ನೀಡುವ ಕಾರ್ಯಾದೇಶದಲ್ಲಿಯೇ ಈ ಷರತ್ತನ್ನು ಸೇರಿಸುವುದು.

4. ಚಿತ್ರಗಳನ್ನು 1,000 ಚುಕ್ಕಿ ಅಗಲಕ್ಕೆ ಇಳಿಸಿ ಏರಿಸುವುದು. ಕೆಳಭಾಗದ ಚಿತ್ರಗಳು ಓದುಗರು ಅಲ್ಲಿಗೆ ಬಂದಾಗ ಮಾತ್ರ ಇಳಿಯುವಂತೆ ಮಾಡಿಸುವುದು. ಜಾರುವ ಚಿತ್ರಮಾಲೆ ಮತ್ತು ತಾನಾಗಿ ಓಡುವ ವಿಡಿಯೊಗಳನ್ನು ಕೈಬಿಡುವುದು.

5. ಪಠ್ಯ ಸುಲಭವಾಗಿ ಹುಡುಕಸಿಗುವುದರಿಂದ ಆಧಾರ್, ಬ್ಯಾಂಕ್ ಖಾತೆ, ದೂರವಾಣಿ ಸಂಖ್ಯೆಗಳನ್ನು ಪಟ್ಟಿಯಿಂದ ತೆಗೆದ ನಂತರವೇ ಪ್ರಕಟಿಸುವುದು.

ಪರೀಕ್ಷಿಸುವ ವಿಧಾನ

ಇದಕ್ಕೆ ತಾಂತ್ರಿಕ ಪರಿಣತಿ ಬೇಕಿಲ್ಲ. ನಿಮ್ಮ ವಾರ್ಡಿನ ಅತ್ಯಂತ ದೂರದ ಮನೆಯ ಬಳಿ ನಿಂತು, ಆ ಮನೆಯವರ ಮೊಬೈಲಿನಲ್ಲಿ, ವೈ-ಫೈ ಇಲ್ಲದೆ ಪಂಚಾಯಿತಿಯ ಪುಟವನ್ನು ತೆರೆಯಿಸಿ, ಗಡಿಯಾರ ನೋಡಿ. ಮುಖ್ಯ ವಿಷಯ ಎರಡೂವರೆ ಸೆಕೆಂಡಿನೊಳಗೆ ಕಂಡರೆ ಉತ್ತಮವೆಂದು ಗೂಗಲ್ ಸಂಸ್ಥೆಯ ಮಾನದಂಡ ಹೇಳುತ್ತದೆ. ಅದೇ ಸಂಸ್ಥೆಯ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಸೌಲಭ್ಯದಲ್ಲಿ ಪುಟದ ವಿಳಾಸ ನೀಡಿದರೆ ಯಾವ ಭಾಗ ಭಾರವೆಂದು ತಿಳಿಯುತ್ತದೆ.

ಇ-ಸ್ವತ್ತು, ಪಂಚತಂತ್ರದಂತಹ ರಾಜ್ಯಮಟ್ಟದ ತಂತ್ರಾಂಶಗಳನ್ನು ಬದಲಿಸುವುದು ನಮ್ಮ ವ್ಯಾಪ್ತಿಯಲ್ಲಿಲ್ಲ. ಅವುಗಳಲ್ಲಿ ಅಡಚಣೆ ಕಂಡರೆ ದಿನಾಂಕ, ಸ್ಥಳ ಮತ್ತು ಹಿಡಿದ ಸಮಯವನ್ನು ಬರೆದು ಮೇಲಧಿಕಾರಿಗಳಿಗೆ ಸಲ್ಲಿಸಬಹುದು. ಜಾಲಪುಟ ಎಷ್ಟೇ ಹಗುರವಾದರೂ ಸೂಚನಾ ಫಲಕ ಮತ್ತು ತಮಟೆಯ ಮೂಲಕ ಸಾರುವ ಪದ್ಧತಿಗಳು ಮುಂದುವರಿಯಬೇಕು. ಮೊಬೈಲೇ ಇಲ್ಲದ ಮನೆಗಳೂ ನಮ್ಮ ವಾರ್ಡುಗಳಲ್ಲಿವೆ.

ನಮ್ಮ ಪಂಚಾಯಿತಿಯಲ್ಲಿ ಈಗ ಪಟ್ಟಿಗಳನ್ನು ಅಕ್ಷರ ರೂಪದಲ್ಲಿ ಪ್ರಕಟಿಸುತ್ತಿದ್ದೇವೆ. ಆ ಮಹಿಳೆಯ ಮಗನ ಮೊಬೈಲಿನಲ್ಲಿ, ಅವರ ತೋಟದ ಮನೆಯ ಅಂಗಳದಲ್ಲಿಯೇ ನಿಂತು, ಪುಟ ತೆರೆಯುವುದನ್ನು ನೋಡಿ ಬಂದಿದ್ದೇನೆ. ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನ ಒಂದು ಮನೆಯಲ್ಲಿ ಈ ಪರೀಕ್ಷೆ ನಡೆಸಿ, ಫಲಿತಾಂಶವನ್ನು ಸಭೆಯ ಮುಂದಿಡಬೇಕೆಂದು ಕೋರುತ್ತೇನೆ.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ
ಚನ್ನರಾಯಪಟ್ಟಣ ತಾಲ್ಲೂಕು, ಹಾಸನ ಜಿಲ್ಲೆ