ಚಿತ್ರ ತಡವರಿಸುವುದೇಕೆ?

ಮಿರಜ ಜಂಕ್ಷನ್ನಿನಲ್ಲಿ ಒಂದು ಕಾಲಕ್ಕೆ ಮೂರು ಅಳತೆಯ ರೈಲುಹಳಿಗಳು ಕೂಡುತ್ತಿದ್ದವು ಎಂಬುದನ್ನು ಊರಿನ ಹಿರಿಯರು ಬಲ್ಲರು. 1971ರಲ್ಲಿ ಪುಣೆಯ ಹಾದಿ 1676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. ಬೆಳಗಾವಿಯ ಕಡೆಗೆ ಆಗಿನ್ನೂ 1000 ಮಿಲಿಮೀಟರಿನ ಮೀಟರ್ ಗೇಜ್. ಪಂಢರಪುರ, ಲಾತೂರಿನ ಕಡೆಗೆ 762 ಮಿಲಿಮೀಟರಿನ ಪುಟ್ಟ ಹಳಿ. ದೊಡ್ಡ ಗಾಡಿಯಲ್ಲಿ ಎಷ್ಟೇ ಸರಕು ಬರಲಿ, ಮಿರಜದಲ್ಲಿ ಇಳಿಸಿ ಸಣ್ಣ ಗಾಡಿಗೆ ತುಂಬಬೇಕು. ಮುಂದಿನ ಹಳಿ ಹೊತ್ತಷ್ಟೇ ಮುಂದಕ್ಕೆ ಸಾಗುತ್ತಿತ್ತು. ಈಗ ಎಲ್ಲ ಹಾದಿಗಳೂ ಬ್ರಾಡ್ ಗೇಜ್ ಆಗಿವೆ. ಆದರೆ ಅದೇ ತೊಡಕು ಇಂದು ನಮ್ಮ ಮನೆಗಳೊಳಗೆ ಬಂದು ಕುಳಿತಿದೆ.

2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಪರದೆಯ ಮೇಲೆ ಬಂದವು. ಅಂದಿನಿಂದ ಸಾಂಗಲಿ, ಮಿರಜಗಳ ಎಷ್ಟೋ ಮನೆಗಳಲ್ಲಿ ಇಂಟರ್‌ನೆಟ್ಟು ನಳದ ನೀರಿನಷ್ಟೇ ಅವಶ್ಯವಾಗಿದೆ. ಮರಾಠಿಯಲ್ಲಿ ಸಿಗುವಷ್ಟು ಖಾಸಗಿ ಪಾಠಗಳು ಇಲ್ಲಿ ಕನ್ನಡದಲ್ಲಿ ಸಿಗುವುದಿಲ್ಲ. ನಮ್ಮ ಮಕ್ಕಳಿಗೆ ಕನ್ನಡದ ವಿಡಿಯೋ ಪಾಠಗಳೇ ಅನೇಕ ಸಲ ಆಸರೆ. ಸಮೀಕರಣ ಅರ್ಧಕ್ಕೆ ಬಂದಾಗ ಚಿತ್ರ ನಿಂತು ಚಕ್ರ ತಿರುಗತೊಡಗಿದರೆ ಮಗುವಿನ ವಿಚಾರದ ಎಳೆಯೂ ಕಡಿಯುತ್ತದೆ. ಆಗ ಪಾಲಕರು ಇನ್ನೂ ದುಬಾರಿಯ ಯೋಜನೆಗೆ ಹಣ ಕಟ್ಟುತ್ತಾರೆ. ಬಹಳಷ್ಟು ಸಲ ಆ ಹಣ ನೀರಿನಲ್ಲಿ ಹೋಮ ಮಾಡಿದಂತೆಯೇ ಸರಿ.

ಲೆಕ್ಕ ನೋಡೋಣ. 1080 ಗೆರೆಗಳ ನಿಚ್ಚಳ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಾಕು. 720 ಗೆರೆಗಳ ಚಿತ್ರಕ್ಕೆ ಸುಮಾರು 3. (ಮೆಗಾಬಿಟ್ಟನ್ನು ಮೆಗಾಬೈಟ್ ಎಂದು ತಿಳಿಯಬಾರದು; 8 ಬಿಟ್ಟಿಗೆ ಒಂದು ಬೈಟ್.) ಮನೆಗೆ ಬರುತ್ತಿರುವುದು 40 ಇಲ್ಲವೇ 100 ಮೆಗಾಬಿಟ್. ಹಾಗಾದರೆ ಉಳಿದದ್ದು ಎಲ್ಲಿ ಸೋರಿತು?

ಇದಕ್ಕೆ ಉತ್ತರ ತಿಳಿಯಲು ಚಿತ್ರ ಬರುವ ಬಗೆ ಗೊತ್ತಿರಬೇಕು. ವಿಡಿಯೋ ಕೆಲವು ಸೆಕೆಂಡುಗಳ ತುಣುಕುಗಳಾಗಿ ಬಂದು ಟಿವಿಯಲ್ಲಿ ಮುಂಚಿತವಾಗಿ ಸಂಗ್ರಹವಾಗುತ್ತದೆ. ಇದು ಮಾಳಿಗೆಯ ಮೇಲಿನ ನೀರಿನ ಟಾಕಿಯಂತೆ. ಬೀದಿಯ ನಳ ಬಿಟ್ಟುಬಿಟ್ಟು ಬಂದರೂ ಟಾಕಿಯಲ್ಲಿ ನೀರಿರುವವರೆಗೆ ಅಡುಗೆಮನೆಯ ನಳ ನಿಲ್ಲದು. ಟಾಕಿ ಬರಿದಾಯಿತೋ, ಚಕ್ರ ತಿರುಗಿತೆಂದೇ ತಿಳಿಯಿರಿ. ಕ್ರಿಕೆಟ್ಟಿನ ನೇರ ಪ್ರಸಾರ ಬೇಗ ತಡವರಿಸುವುದಕ್ಕೂ ಇದೇ ಕಾರಣ: ಮುಂದಿನ ಚೆಂಡನ್ನು ಇನ್ನೂ ಎಸೆದೇ ಇಲ್ಲ, ಸಂಗ್ರಹಿಸುವುದು ಏನನ್ನು? ವಿಡಿಯೋದ ಗುಣಮಟ್ಟವನ್ನು 'ಆಟೋ' ಎಂದಿಟ್ಟರೆ ವೇಗ ತಗ್ಗಿದಾಗ ಚಿತ್ರ ತುಸು ಮಸುಕಾಗಿಯಾದರೂ ಸಾಗುತ್ತದೆ. 1080 ಎಂದು ಹಟ ಹಿಡಿದರೆ ನಿಂತುಬಿಡುತ್ತದೆ.

ಟಾಕಿ ಬರಿದಾಗುವುದು ಹೆಚ್ಚಾಗಿ ರೌಟರಿನಿಂದ ಟಿವಿಯವರೆಗಿನ ಹತ್ತು ಹೆಜ್ಜೆಗಳಲ್ಲಿ. ಮನೆಯೊಳಗಿನ ಪುಟ್ಟ ಹಳಿ ಇದೇ. ತಂತಿ ಒಳಬಂದ ಮೂಲೆಯಲ್ಲಿಯೇ ರೌಟರನ್ನು ಗೋಡೆಗೆ ಜಡಿದು ಹೋಗುವುದು ವಾಡಿಕೆ. ಟಿವಿ ಇರುವುದು ಎರಡು ಗೋಡೆಗಳಾಚೆ. ಹಳೆಯ ವಾಡೆಗಳ ದಪ್ಪ ಕಲ್ಲುಗೋಡೆ, ಹೊಸ ಮನೆಯ ಕಬ್ಬಿಣ ಹುದುಗಿದ ಕಾಂಕ್ರೀಟು, ನಡುವೆ ಒಂದು ಉಕ್ಕಿನ ಕಪಾಟು ಇದ್ದರಂತೂ ಮುಗಿದೇ ಹೋಯಿತು. ವೈಫೈಯಲ್ಲಿ ಒಂದು ಸಮಯಕ್ಕೆ ಒಬ್ಬರೇ ಮಾತಾಡಬೇಕು ಎಂಬ ನಿಯಮವೂ ಉಂಟು, ನಮ್ಮ ತರಗತಿಯಲ್ಲಿ ಇದ್ದಂತೆ. ಹಿಂದಿನ ಬೆಂಚಿನವನಿಗೆ ಕೇಳಿಸದೆ ಪ್ರತಿ ವಾಕ್ಯವನ್ನೂ ಮೂರು ಸಲ ಹೇಳಬೇಕಾದರೆ ಇಡೀ ತರಗತಿಯ ಪಾಠ ನಿಧಾನವಾಗುತ್ತದೆ. ದೂರದ ಕೋಣೆಯ ಒಂದು ಮೊಬೈಲು ಮನೆಯ ಎಲ್ಲರ ವೇಗವನ್ನು ಎಳೆಯುವುದು ಹೀಗೆ.

ವೈಫೈಗೆ ಎರಡು ಮುಖ್ಯ ತರಂಗಪಟ್ಟಿಗಳಿವೆ. 2.4 ಗಿಗಾಹರ್ಟ್ಸಿನದು ದೂರ ಹೋಗುತ್ತದೆ, ಆದರೆ ಅಲ್ಲಿ ಜನಸಂದಣಿ: ಪಕ್ಕದ ಮನೆಗಳ ರೌಟರುಗಳು, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ. ಅದರ ಚಾನಲ್ಲುಗಳಲ್ಲಿ 1, 6, 11 ಮಾತ್ರ ಒಂದರ ಮೇಲೊಂದು ಬೀಳುವುದಿಲ್ಲ. 5 ಗಿಗಾಹರ್ಟ್ಸಿನದು ವೇಗವಾದದ್ದು. ಗೋಡೆ ದಾಟಲು ಮಾತ್ರ ಸೋಲುತ್ತದೆ. ಒಂದೇ ಕೋಣೆಯಲ್ಲಿದ್ದರೆ ಅದನ್ನೇ ಹಿಡಿಯಿರಿ.

ಹಣ ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಬೇಕು. ಇದನ್ನು ಎಂಟನೆಯ ಇಯತ್ತೆಯ ಮಗುವೂ ಮಾಡಬಲ್ಲದು. ತಡವರಿಸಿದ ಅದೇ ವಿಡಿಯೋವನ್ನು ರೌಟರಿನ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಹಚ್ಚಿರಿ. ಅಲ್ಲಿ ಸರಾಗವಾಗಿ ಓಡಿದರೆ ಯೋಜನೆಯಲ್ಲಿ ದೋಷವಿಲ್ಲ. ಕೋಣೆಯ ಟಿವಿಯೋ, ನಡುವಿನ ಹಾದಿಯೋ ದೋಷಿ. ರೌಟರನ್ನು ಮನೆಯ ನಡುವೆ, ತಲೆಯೆತ್ತರದಲ್ಲಿ, ಕಪಾಟಿನಿಂದ ದೂರವಿಟ್ಟು ಮತ್ತೆ ನೋಡಿರಿ. ಅಷ್ಟಕ್ಕೂ ಸರಿಹೋಗದಿದ್ದರೆ ಟಿವಿಗೆ ನೇರ ತಂತಿ ಎಳೆಯುವುದೇ ಖಚಿತ ಉಪಾಯ. ಕ್ಯಾಟ್-5ಇ ಎಂಬ ಸಾಧಾರಣ ಕೇಬಲ್ಲು 100 ಮೀಟರಿನವರೆಗೆ 1000 ಮೆಗಾಬಿಟ್ ಹೊರಬಲ್ಲದು. ಅಂಗಡಿಯವರು ರಿಪೀಟರ್ ಕೊಳ್ಳಿರೆನ್ನುತ್ತಾರೆ. ಕೇಳಿದ್ದನ್ನೇ ಅದೇ ತರಂಗದಲ್ಲಿ ಮತ್ತೆ ಹೇಳುವ ಅಗ್ಗದ ರಿಪೀಟರ್ ವೇಗವನ್ನು ಅರ್ಧಕ್ಕಿಳಿಸುವುದರಿಂದ ನಮಗೆ ಅದರ ಮೇಲೆ ಅಷ್ಟು ವಿಶ್ವಾಸವಿಲ್ಲ.

ರೌಟರಿನ ಪಕ್ಕದಲ್ಲಿಯೂ ಚಿತ್ರ ನಿಂತರೆ ಮಾತು ಬೇರೆ. ತೊಡಕು ಮನೆಯ ಹೊರಗೂ ಇರಬಹುದು; 2020ರ ಮಾರ್ಚಿನಲ್ಲಿ ದೇಶವೆಲ್ಲ ಮನೆಯಲ್ಲಿ ಕುಳಿತಾಗ ಜಾಲದ ಮೇಲಿನ ಹೊರೆ ಇಳಿಸಲೆಂದು ವಿಡಿಯೋ ಸಂಸ್ಥೆಗಳು ಮೊಬೈಲಿನ ಚಿತ್ರವನ್ನು 480 ಗೆರೆಗೆ ಇಳಿಸಿದ್ದವು. ಇಂಥಲ್ಲಿ ಕಂಪ್ಯೂಟರನ್ನು ತಂತಿಯಿಂದ ರೌಟರಿಗೆ ಜೋಡಿಸಿ, ಉಳಿದ ಮೊಬೈಲುಗಳನ್ನು ಬಿಡಿಸಿ, ಬೆಳಿಗ್ಗೆ ಆರಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ ವೇಗ ಅಳೆದು ಮೂರು ದಿನ ವಹಿಯಲ್ಲಿ ಬರೆದಿಡಿರಿ. ರಾತ್ರಿ ಮಾತ್ರ ಕುಸಿಯುತ್ತಿದ್ದರೆ ಆ ವಹಿ ಹಿಡಿದೇ ಸೇವೆ ಕೊಟ್ಟವರಲ್ಲಿಗೆ ಹೋಗಬೇಕು. "ನಿಮ್ಮ ವೈಫೈ ಸರಿಯಿಲ್ಲ" ಎಂಬ ಮಾತನ್ನು ಆಗ ಅವರು ಸುಲಭವಾಗಿ ಹೇಳಲಾರರು.